ಭಾವನ ಸದ್ದಿಲ್ಲದ ಟೇಪು

ನನ್ನ ಭಾವನ ಬಲಗೈ ನಡುಬೆರಳಿನ ಗೆಣ್ಣು ಹಿಮ್ಮಡಿಯ ಹಾಗೆ ಜಡ್ಡುಗಟ್ಟಿತ್ತು. ಕಂಡದ್ದನ್ನೆಲ್ಲ ಆ ಗೆಣ್ಣಿನಿಂದ ಕುಟ್ಟಿ, ತಲೆ ವಾರೆ ಮಾಡಿ ಆಲಿಸಿ, ಆಮೇಲೆ ತೀರ್ಪು ಕೊಡುವುದು ಅವರ ಅಭ್ಯಾಸ. ಮಾಟುಂಗದ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಕುಟ್ಟಿ ನೋಡುವವರು ಬೇಕಾದಷ್ಟು ಜನ ಇದ್ದರು. ಕುಂಬಳಕಾಯಿ, ಹಿತ್ತಾಳೆ ಕೊಳದಪ್ಪಲೆ, ಬಾಡಿಗೆಗೆ ನೋಡಲು ಹೋದ ಮನೆಯ ಗೋಡೆ, ಹೊಸ ಬೂಟಿನ ಅಟ್ಟೆ, ಇವನ್ನೆಲ್ಲ ಕುಟ್ಟಿ ನೋಡುತ್ತಿದ್ದವರು ಇವರೊಬ್ಬರೇ. ಅಕ್ಕನನ್ನು ನೋಡಲು ಮೈಸೂರಿಗೆ ಬಂದ ದಿನ ನಮ್ಮ ಮನೆಯ ಪಡಸಾಲೆಯ ಕಂಬವನ್ನೂ ಕುಟ್ಟಿದ್ದರು. "ಪುಣ್ಯಕ್ಕೆ ನನ್ನ ತಲೆ ಕುಟ್ಟಲಿಲ್ಲ" ಎಂದು ಅಕ್ಕ ಆಗಾಗ ಹೇಳಿ ನಗುತ್ತಿದ್ದಳು.

ನಾನು ಇಂದು ಉಣ್ಣುವ ಅನ್ನ ಭಾವ ಹಾಕಿದ್ದು. ಇದನ್ನು ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಅನ್ನಕ್ಕಾಗಿ ಅಕ್ಕ ಏನನ್ನು ಕಳೆದುಕೊಂಡಳು ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಈಗ ಭಾವನ ಬಗ್ಗೆ ಬರೆಯಲು ಕೂತರೆ ಅದೇ ಮೊದಲು ಬಂದು ಎದುರಿಗೆ ನಿಲ್ಲುತ್ತದೆ.

ಅಮ್ಮ ತೀರಿಕೊಂಡ ಮೇಲೆ ಅಕ್ಕ ನನ್ನನ್ನು ಮುಂಬಯಿಗೆ ಕರೆಸಿಕೊಂಡಳು. ಐವತ್ತರ ದಶಕದ ಆರಂಭದ ಮಾತು. ಮಾಟುಂಗದಲ್ಲಿ, ರೈಲು ಹಳಿಗೆ ಹತ್ತಿರದ ಒಂದು ಬಿಲ್ಡಿಂಗಿನಲ್ಲಿ ಅವರದು ಎರಡು ಕೋಣೆಯ ಮನೆ. ಭಾವ ಫೋರ್ಟಿನ ಒಂದು ಕಂಪನಿಯಲ್ಲಿ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವ ಆಡಿಟ್ ಕೆಲಸದಲ್ಲಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ನನಗೆ ಸಿಗಬೇಕಾದದ್ದಕ್ಕಿಂತ ಹೆಚ್ಚಿನ ಮುದ್ದೂ ಸಿಕ್ಕಿತು, ಹೆಚ್ಚಿನ ಬೈಗುಳವೂ ಸಿಕ್ಕಿತು. ಒಂದು ಕೆಲಸ ಹುಡುಕಿಕೋ ಎಂದು ಕಳಿಸಿದರೆ ನಾನು ಇರಾನಿ ಹೋಟೆಲಿನ ರೇಡಿಯೊ ಮುಂದೆ ಒಂದು ಚಹಾ ಇಟ್ಟುಕೊಂಡು ಕೂತಿರುತ್ತಿದ್ದೆ. ಅಲ್ಲೇ ನನಗೆ ಹವಾಯಿ ಗಿಟಾರಿನ ಹುಚ್ಚು ಹತ್ತಿದ್ದು. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ಕಡ್ಡಿ ಜಾರಿಸಿ ನುಡಿಸುವ ವಿದ್ಯುತ್ ಗಿಟಾರು ಅದು. ಮೈಸೂರಿನಲ್ಲಿ ಅರ್ಧ ಕಲಿತು ಬಿಟ್ಟಿದ್ದ ವೀಣೆಯ ಗಮಕವೆಲ್ಲ ಅದರಲ್ಲಿ ಸಲೀಸಾಗಿ ಬರುವಂತೆ ಕಂಡಿತು.

ಬೇರೆ ಯಾರಾದರೂ ಆಗಿದ್ದರೆ ಕಿವಿ ಹಿಂಡಿ ಕಳಿಸುತ್ತಿದ್ದರು. ಭಾವ, "ವಸ್ತು ನೋಡೋಣ, ಆಮೇಲೆ ಮಾತು" ಎಂದರು. ಬಾಂದ್ರಾದಲ್ಲಿ ಗೋವಾದ ವಾದ್ಯಗಾರರೊಬ್ಬರು ತಮ್ಮ ಗಿಟಾರನ್ನು ಮಾರುವವರಿದ್ದರು. ಅಲ್ಲಿಗೆ ಕರೆದುಕೊಂಡು ಹೋದರು. ಪೆಟ್ಟಿಗೆ ತೆಗೆದ ಕೂಡಲೇ ಭಾವನ ಗೆಣ್ಣು ಕೆಲಸ ಶುರುಮಾಡಿತು. ಟಕ್ ಟಕ್. ಅದು ಇಡೀ ಮರದ ಹಲಗೆ. ಒಳಗೆ ಪೊಳ್ಳೇ ಇಲ್ಲ. ಭಾವನ ಮುಖ ಸಪ್ಪಗಾಯಿತು.

"ಇದ್ರಲ್ಲಿ ಏನೂ ಇಲ್ವಲ್ಲೋ. ಅಡುಗೆಮನೆ ಮಣೆ ಇದ್ದಂಗಿದೆ."

ಗೋವಾದವರು ನಕ್ಕರು. "ಸಾಬ್, ಇಸ್ಕಾ ಆವಾಜ್ ಲಕ್ಡೀ ಮೇ ನಹೀ, ವಾಯರ್ ಮೇ ಹೈ."

ತಮ್ಮ ಗೆಣ್ಣಿಗೆ ಸಿಕ್ಕದ ವಸ್ತು ಲೋಕದಲ್ಲಿ ಇದೆ ಎಂಬುದು ಭಾವನಿಗೆ ಅವತ್ತೇ ಗೊತ್ತಾದದ್ದು. ಕೊಂಡುಕೊಂಡರು. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, "ಸದ್ದು ವಾಯರಲ್ಲಿದೆಯಂತೆ" ಎಂದು ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು.

ಮನೆಯ ರೇಡಿಯೊದ ಹಿಂದೆ ಗ್ರಾಮಫೋನು ಸಿಕ್ಕಿಸಲು ಒಂದು ತೂತು ಇತ್ತು. ಗಿಟಾರಿನ ವಾಯರನ್ನು ಅದಕ್ಕೇ ಸಿಕ್ಕಿಸಿದೆವು. ಅಂದಿನಿಂದ ನಮ್ಮ ರೇಡಿಯೊದಲ್ಲಿ ವಾರ್ತೆಗಿಂತ ನನ್ನ ಅಪಸ್ವರವೇ ಹೆಚ್ಚು ಬಂತು. ಅಕ್ಕ ಗೊಣಗಲಿಲ್ಲ. ಅಡುಗೆಮನೆಯಿಂದಲೇ ನಾನು ನುಡಿಸುವುದರ ಜೊತೆಗೆ ಸಣ್ಣ ದನಿಯಲ್ಲಿ ಗುನುಗುತ್ತಿದ್ದಳು. ಅಮ್ಮ ನಮಗೆ ಕಲಿಸಿದ ದೇವರನಾಮಗಳೇ ಹೆಚ್ಚು. ನಾನು ಎಲ್ಲಿ ತಡವರಿಸುತ್ತೇನೋ ಅಲ್ಲಿ ಅವಳು ಒಂದು ಹೆಜ್ಜೆ ಮುಂದೆ ಹೋಗಿ ದಾರಿ ತೋರಿಸಿ ನಿಂತಿರುತ್ತಿದ್ದಳು. ನಾನು ನುಡಿಸಲು ಕಲಿತದ್ದು ಅರ್ಧ ಹಾಗೆಯೇ.

ಕೈ ಪಳಗಿತು, ಎದೆ ಪಳಗಲಿಲ್ಲ. ಮಾಟುಂಗದ ಕನ್ನಡಿಗರ ಒಂದು ಕಾರ್ಯಕ್ರಮದಲ್ಲಿ ನುಡಿಸಲು ಕೂತವನ ಕೈಯಿಂದ ಉಕ್ಕಿನ ಕಡ್ಡಿ ಜಾರಿ, ವೇದಿಕೆಯಿಂದ ಉರುಳಿ, ಅಧ್ಯಕ್ಷರ ಕಾಲಿನ ಹತ್ತಿರ ಹೋಗಿ ನಿಂತಿತು. ಅದನ್ನು ತರಲು ಇಳಿದವನು ಮತ್ತೆ ಮೇಲೆ ಹತ್ತಲಿಲ್ಲ. ಸಿನಿಮಾ ಸ್ಟುಡಿಯೊಗಳಲ್ಲಿ ಈ ಗಿಟಾರಿನವರಿಗೆ ಬೇಡಿಕೆ ಇದ್ದ ಕಾಲ. ಭಾವನ ಪರಿಚಯದವರ ಮೂಲಕ ಒಂದು ಸ್ಟುಡಿಯೊದ ವಾದ್ಯಮೇಳ ನೋಡಿಕೊಳ್ಳುವವರು, "ಒಮ್ಮೆ ಬಂದು ಕೇಳಿಸಲಿ" ಎಂದಿದ್ದರು. ನಾನು ಎರಡು ಸಲ ಬಾಗಿಲ ತನಕ ಹೋಗಿ ಹಿಂದಿರುಗಿದೆ. ಮೂರನೆಯ ಸಲ ಹೊರಡಲೇ ಇಲ್ಲ.

"ನೀನು ಹೋಗ್ಬೇಡ" ಎಂದರು ಭಾವ. "ನಿನ್ನ ನುಡಿಸಾಣಿಕೆ ಮಾತ್ರ ಹೋಗಲಿ. ಮನೇಲೇ ರೆಕಾರ್ಡ್ ಮಾಡಿ ಕಳಿಸೋಣ."

ಮನೆಯಲ್ಲಿ ರೆಕಾರ್ಡ್ ಮಾಡುವುದು ಆಗ ಮಹಾರಾಜರ ಶೋಕಿ. ಆದರೆ ಭಾವ ಪಟ್ಟು ಹಿಡಿದರೆ ಬಿಡುವವರಲ್ಲ. ಹಡಗಿನಲ್ಲಿ ಕೆಲಸಮಾಡುವ ಗೆಳೆಯರೊಬ್ಬರು ತಂದಿದ್ದ ಟೇಪ್ ರೆಕಾರ್ಡರೊಂದು ಮನೆಗೆ ಬಂತು. ಟ್ರಂಕಿನಷ್ಟು ದೊಡ್ಡದು, ಇಬ್ಬರು ಸೇರಿ ಮಗುವಿನ ಹಾಗೆ ಜೋಪಾನವಾಗಿ ಹಿಡಿದು ಇಳಿಸಬೇಕು. ಅದರೊಂದಿಗೆ ಬಂದದ್ದು ಎರಡೇ ಚಕ್ರ ಟೇಪು. ಹೊಸದು ಬೇಕೆಂದರೆ ಇನ್ನೊಂದು ಹಡಗು ಬರಬೇಕು. ಹಾಗಾಗಿ ಒಂದೇ ಟೇಪಿನ ಮೇಲೆ ಅಳಿಸಿ ಅಳಿಸಿ ತುಂಬುವುದು ಎಲ್ಲರೂ ಮಾಡುತ್ತಿದ್ದ ಕೆಲಸ. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಮೈಕು ಆರಿಸಲು ಲ್ಯಾಮಿಂಗ್ಟನ್ ರೋಡಿನ ರೇಡಿಯೊ ಅಂಗಡಿಗಳನ್ನೆಲ್ಲ ಸುತ್ತಿದರು. ಮದುವೆ ಚಪ್ಪರದವನ ಹತ್ತಿರ ಒಂದನ್ನು ಎರವಲು ತಂದರು. ಅದರಲ್ಲಿ ನನ್ನ ಗಿಟಾರು ಹರಾಜು ಕೂಗಿದಂತೆ ಕೇಳಿಸಿತು. ಕೊನೆಗೆ ಯಂತ್ರದ ಜೊತೆಗೆ ಬಂದಿದ್ದ ದುಂಡನೆಯ ಮೈಕನ್ನೇ ರೇಡಿಯೊದ ಮುಂದೆ ಒಂದು ಸ್ಟೂಲಿನ ಮೇಲಿಟ್ಟು, ಒಂದು ಭಾನುವಾರ ಬೆಳಿಗ್ಗೆ ಮೊದಲ ಟೇಪು ಮಾಡಿದೆವು.

ತಿರುಗಿ ಹಾಕಿ ಕೇಳಿದಾಗ ನಮ್ಮ ಮನೆಯಲ್ಲಿ ಅಷ್ಟೊಂದು ಸದ್ದು ಇರುತ್ತದೆಂದು ನಮಗೇ ಮೊದಲ ಸಲ ಗೊತ್ತಾಯಿತು. ಪಂಪ್ ಸ್ಟೌವಿನ ಭೋರ್ಗರೆತ. ನಲ್ಲಿಯಲ್ಲಿ ನೀರು. ದಾದರ್ ಕಡೆಗೆ ಹೋಗುವ ಲೋಕಲ್. ಎಲ್ಲದರ ನಡುವೆ ನನ್ನ ಗಿಟಾರು, ಅದರ ಬೆನ್ನಿಗೇ ಒಬ್ಬ ಹೆಂಗಸಿನ ಗುನುಗು, ಸ್ಪಷ್ಟವಾಗಿ, ಮಾತು ಮಾತೂ ಕೇಳುವಂತೆ.

"ಯಾರ್ರೀ ಅದು?" ಎಂದಳು ಅಕ್ಕ.

"ಇನ್ಯಾರು? ನೀನೇ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತನ್ನ ದನಿಯನ್ನು ಅವಳು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಮುಖ ಕೆಂಪಾಗಿ, "ಛೀ ಛೀ, ಅಳಿಸ್ರೀ ಅದನ್ನ! ಯಾರಾದ್ರೂ ಕೇಳ್ಸಿಕೊಂಡಾರು" ಎಂದು ಒಳಗೆ ಓಡಿದಳು.

ಭಾವ ಆಫೀಸಿನವರ ಗತ್ತಿನಲ್ಲಿ ಆಕ್ಷೇಪಣೆಗಳನ್ನು ಬೆರಳು ಮಡಚಿ ಎಣಿಸತೊಡಗಿದರು: ಸ್ಟೌ, ನಲ್ಲಿ, ರೈಲು, ಎದುರುಮನೆಯ ಬಾಗಿಲು, ನಿಮ್ಮಕ್ಕ. ಆ ಐದನೆಯ ಬೆರಳನ್ನು ಅವರು ಮಡಚಿದ್ದು ನನಗೆ ಈಗಲೂ ಕಾಣುತ್ತದೆ. ಹೆಂಡತಿಯ ಮೇಲೆ ಅವರಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಪ್ರಾಣವೇ ಇಟ್ಟುಕೊಂಡಿದ್ದರು. ಆದರೆ ಅವರ ತಲೆಯಲ್ಲಿ ಆಗ ಇದ್ದದ್ದು ನನ್ನ ಕೆಲಸ ಒಂದೇ.

ಮರುದಿನ ಮಧ್ಯಾಹ್ನ ಭಾವ ಆಫೀಸಿಗೆ ಹೋಗಿದ್ದರು. ಅಕ್ಕ ಪಾತ್ರೆ ತೊಳೆದ ಕೈಯನ್ನು ಒರೆಸಿಕೊಳ್ಳುತ್ತ ಬಂದು ಯಂತ್ರದ ಹತ್ತಿರ ನಿಂತಳು.

"ಲೋ, ನಿನ್ನೇದು ಇನ್ನೂ ಇದೆಯೇನೋ ಇದ್ರಲ್ಲಿ?"

"ಇದೆ."

"ಒಂದ್ಸಲ ಹಾಕು."

ಹಾಕಿದೆ. ಅವಳು ನೆಲದ ಮೇಲೆ ಕೂತು, ಮೊಣಕಾಲಿಗೆ ಗಲ್ಲ ಊರಿ ಕೇಳಿದಳು. ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಮುಗಿದ ಮೇಲೆ, "ಅಮ್ಮನ ದನಿ ಕಣೋ ಅದು" ಎಂದಳು. "ನನಗೆ ಗೊತ್ತೇ ಇರ್ಲಿಲ್ಲ. ಅಮ್ಮನೇ ಒಳಗೆ ಕೂತು ಹೇಳ್ತಿರೋ ಹಾಗಿದೆ."

ಹೌದು. ನಾನೂ ಅದನ್ನು ಗಮನಿಸಿರಲಿಲ್ಲ. ಅಮ್ಮನ ಫೋಟೊ ಸಹ ನಮ್ಮಲ್ಲಿ ಇರಲಿಲ್ಲ. ಆ ವಾರ ಅಕ್ಕ ಇನ್ನೂ ಕೆಲವು ಮಧ್ಯಾಹ್ನ ಬಂದು ಕೇಳಿದಳು. ಪ್ರತಿ ಸಲವೂ ಎದ್ದು ಹೋಗುವಾಗ, "ನಿಮ್ಮ ಭಾವನಿಗೆ ಹೇಳ್ಬೇಡ ಕಣೋ, ಆಡಿಕೊಂಡು ನಗ್ತಾರೆ" ಎನ್ನುತ್ತಿದ್ದಳು. ನಾನು ಹೇಳಲಿಲ್ಲ. ಮಾತು ಉಳಿಸಿಕೊಳ್ಳುವುದರಿಂದಲೂ ಇಷ್ಟು ಕೆಡುಕಾಗುತ್ತದೆಂದು ಯಾರಿಗೆ ಗೊತ್ತಿತ್ತು.

ಅತ್ತ ಭಾವ ಎರಡನೇ ಟೇಪು ಹಿಡಿದು ಸದ್ದಿನ ಮೇಲೆ ಯುದ್ಧ ಸಾರಿದ್ದರು. ಬಾಗಿಲಿಗೆ ಹಾಸಿಗೆ ನೇತುಹಾಕಿದರು. ಕಿಟಕಿಗೆ ಕಂಬಳಿ. ರೆಕಾರ್ಡು ಮಾಡುವ ಹೊತ್ತಿಗೆ ಸ್ಟೌ ಹಚ್ಚಕೂಡದು, ಬಳೆ ಅಲ್ಲಾಡಕೂಡದು. ಗುನುಗುವುದಂತೂ ಇಲ್ಲವೇ ಇಲ್ಲ. ಅಕ್ಕ ಕೊನೆಗೆ ಎದುರುಮನೆಗೆ ಹೋಗಿ ಕೂರತೊಡಗಿದಳು. ಅಲ್ಲಿದ್ದವರು ಉಡುಪಿ ಕಡೆಯವರು. ಅವರ ಯಜಮಾನರದು ಸ್ಟೇಷನ್ನಿನ ಬಳಿ ಹೋಟೆಲು.

"ಎಂತ ಮಾರಾಯ್ರೆ, ನಿಮ್ಮನ್ನು ಮನೆಯಿಂದ ಹೊರಗೆ ಹಾಕಿದ್ರಾ?" ಎಂದು ಆಕೆ ಬಾಗಿಲಲ್ಲಿ ನಿಂತು ಕೇಳುವುದು ನಮಗೂ ಕೇಳಿಸುತ್ತಿತ್ತು.

"ಇಲ್ಲಪ್ಪ, ನಮ್ಮ ಹುಡುಗನ ಕೆಲಸಕ್ಕೆ" ಎನ್ನುತ್ತಿದ್ದಳು ಅಕ್ಕ. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಬೇಸರವಿದ್ದಿದ್ದರೆ ನನ್ನ ಮನಸ್ಸು ಈಗ ಇಷ್ಟು ಚುಚ್ಚುತ್ತಿರಲಿಲ್ಲ.

ಎಷ್ಟು ಹಾಸಿಗೆ ಕಟ್ಟಿದರೂ ಲೋಕಲ್ ಮಾತ್ರ ಒಳಗೆ ಬಂದೇ ಬರುತ್ತಿತ್ತು. ಒಂದು ಸಂಜೆ ಭಾವ ಊಟದ ಎಲೆಯ ಮುಂದೆ ಕೂತವರು ತಟ್ಟನೆ, "ಸದ್ದು ವಾಯರಲ್ಲಿದೆ ಅಂದ್ರಲ್ಲೋ ಅವರು! ಮತ್ತೆ ಮೈಕ್ ಯಾಕೆ?" ಎಂದು ಎದ್ದರು. ಗಿಟಾರಿನ ವಾಯರನ್ನು ರೇಡಿಯೊಗೆ ಕೊಡದೆ, ಗಾಳಿಗೇ ಬಿಡದೆ, ನೇರ ಯಂತ್ರಕ್ಕೇ ಸಿಕ್ಕಿಸಿದರೆ ಹೊರಗಿನದು ಒಳಗೆ ಬರಲು ದಾರಿಯೇ ಇಲ್ಲ. ಸಿಕ್ಕಿಸಿದೆವು. ರೈಲು ಮಾಯ, ಸ್ಟೌ ಮಾಯ. ಗುಂಯ್ ಎಂಬ ಒಂದು ಗುಂಗು ಮಾತ್ರ ಉಳಿಯಿತು. ಯಂತ್ರದ ಮೈಗೆ ಒಂದು ತಂತಿ ಸುತ್ತಿ ಅಡುಗೆಮನೆಯ ನಲ್ಲಿಗೆ ಬಿಗಿದರೆ ಅದೂ ನಿಂತಿತು. ಭಾವ ಹಬ್ಬದ ದಿನದ ಹುಡುಗನ ಹಾಗೆ ಕುಣಿದರು.

ಈ ವಿಧಾನದಲ್ಲಿ ಅಕ್ಕ ಎದುರುಮನೆಗೆ ಹೋಗುವ ಅಗತ್ಯವೇ ಇರಲಿಲ್ಲ. ಅವಳು ಪಕ್ಕದಲ್ಲಿ ಕೂತು ಗಂಟಲು ಹರಿಯುವಂತೆ ಹಾಡಿದರೂ ಟೇಪಿಗೆ ಬರುತ್ತಿರಲಿಲ್ಲ. ಆದರೆ ಅಭ್ಯಾಸವಾಗಿಹೋಗಿತ್ತು. ಭಾನುವಾರ ನಾವು ಯಂತ್ರ ತೆಗೆಯುವುದನ್ನು ಕಂಡು ಅವಳೇ ಚಪ್ಪಲಿ ಮೆಟ್ಟಿ ಹೊರಟಳು. ನಾವಿಬ್ಬರೂ ತಡೆಯಲಿಲ್ಲ. ನಾನು ಗಿಟಾರಿನ ಮೇಲೆ ಬಗ್ಗಿದ್ದೆ. ಭಾವ ನನ್ನ ಬೆನ್ನ ಹಿಂದೆ ಟೇಪು ಏರಿಸಿದರು. ನಾನು ಅಷ್ಟು ಚೆನ್ನಾಗಿ ಅದಕ್ಕೂ ಮೊದಲು ನುಡಿಸಿರಲಿಲ್ಲ.

ಅಕ್ಕ ಬಂದು, "ಹೇಗೆ ಬಂತು?" ಎಂದಳು.

"ಒಂದೇ ಒಂದು ಹೊರಗಿನ ಸದ್ದಿಲ್ಲ ಕಣೇ! ಎರಡನೇ ಟೇಪಲ್ಲಿ ಎಲ್ಲೋ ಗಂಟು ಬಿದ್ದಿತ್ತು. ಅದಕ್ಕೇ ಮೊದಲನೇ ಗಲಾಟೆ ಟೇಪಿನ ಮೇಲೇ ಮಾಡಿಬಿಟ್ಟೆ. ನೀನೂ ಅಳಿಸಿ ಅಂದಿದ್ಯಲ್ಲ."

ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಭಾವ ಏರಿಸಿದ್ದು ಯಾವ ಟೇಪು ಎಂದು ನನಗೆ ಆ ಕ್ಷಣದ ತನಕ ಗೊತ್ತಿರಲಿಲ್ಲ, ನಿಜವಾಗಿ ಗೊತ್ತಿರಲಿಲ್ಲ. ಅವಳಿಗೆ ಅದು ಅರ್ಥವಾಯಿತೋ ಇಲ್ಲವೋ ಹೇಳಲಾರೆ. "ಒಳ್ಳೇದಾಯ್ತು ಬಿಡಿ" ಎಂದು ಒಳಗೆ ಹೋಗಿ ಸ್ಟೌ ಹಚ್ಚಿದಳು. ನಾನು ಹಿಂದೆಯೇ ಹೋದೆ. "ಅಕ್ಕಾ, ಇನ್ನೊಂದು ಮಾಡೋಣ, ನಿಂದೇ ಮಾಡೋಣ" ಎಂದೆ. "ಆಗ್ಲಿ, ಮಾಡೋಣ. ಮೊದ್ಲು ನಿನ್ನ ಕೆಲಸ ಆಗ್ಲಿ" ಎಂದಳು.

ನನ್ನ ಕೆಲಸ ಆಗುವುದಕ್ಕೆ ಮೊದಲೇ ಮಳೆಗಾಲ ಬಂತು. ಆ ವರ್ಷ ಬಿಲ್ಡಿಂಗಿನಲ್ಲಿ ಹಲವರಿಗೆ ಕಾಮಾಲೆ ಬಂದು ಹೋಯಿತು. ಅಕ್ಕನಿಗೆ ಬಂದದ್ದು ಹೋಗಲಿಲ್ಲ. ಆಸ್ಪತ್ರೆಗೆ ಸೇರಿಸಿದ ಮೇಲೆ ಅವಳು ಮನೆಗೆ ತಿರುಗಿ ಬರಲಿಲ್ಲ.

ವೈಕುಂಠ ಸಮಾರಾಧನೆ ಮುಗಿದು, ಊರಿನಿಂದ ಬಂದ ನೆಂಟರೆಲ್ಲ ರೈಲು ಹತ್ತಿದ ಮೇಲೆ ಮನೆಯಲ್ಲಿ ಭಾವ ಮತ್ತು ನಾನು ಇಬ್ಬರೇ ಉಳಿದೆವು. ಸ್ಟುಡಿಯೊಗೆ ಕೊಟ್ಟಿದ್ದ ಟೇಪನ್ನು ಅಲ್ಲಿಯವರು ಕೇಳಿ, ಆಮೇಲೆ ತಿಳಿಸುತ್ತೇವೆಂದು ಹಿಂದಿರುಗಿಸಿದ್ದರು. ಭಾವ ಅದನ್ನು ಏರಿಸಿದರು. ನನ್ನ ಗಿಟಾರು ನುಡಿಯಿತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಬರಿದಾದ ಜಾಗ ಬಂತು. ಭಾವ ವಾಲ್ಯೂಮನ್ನು ಪೂರ್ತಿ ತಿರುಗಿಸಿ ಯಂತ್ರದ ಮೇಲೆ ಬಗ್ಗಿದರು. ಬರೀ ಸುಯ್ ಎನ್ನುವ ಸದ್ದು. ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಮತ್ತೆ ಸುಯ್. ಅಳಿಸುವ ಕೆಲಸವನ್ನು ಆ ಯಂತ್ರ ಅಷ್ಟು ಅಚ್ಚುಕಟ್ಟಾಗಿ ಮಾಡಿತ್ತು.

"ಇಲ್ಲೇ ಇದ್ಲು ಕಣೋ" ಎಂದರು. ಆಮೇಲೆ ನನ್ನ ಕಡೆ ತಿರುಗದೆಯೇ, "ಅವಳೇ ಹೇಳಿದ್ಲು, ಅಳಿಸಿ ಅಂತ. ನೀನೂ ಇದ್ಯಲ್ಲ?"

ನನ್ನ ಬಾಯಲ್ಲಿ ಎಲ್ಲವೂ ಇತ್ತು. ಆ ಮಧ್ಯಾಹ್ನಗಳು, ಅಕ್ಕ ನೆಲದ ಮೇಲೆ ಕೂತದ್ದು, ಅಮ್ಮನ ದನಿ ಎಂದದ್ದು. ಅದನ್ನೆಲ್ಲ ಹೇಳಿದರೆ ಈ ಮನುಷ್ಯ ಉಳಿಯುವುದಿಲ್ಲ ಅನ್ನಿಸಿತು. ಬರೀ ತಲೆ ಆಡಿಸಿದೆ. ಅಕ್ಕ ಬದುಕಿದ್ದಾಗ ಅವಳಿಗಾಗಿ ಮುಚ್ಚಿಟ್ಟಿದ್ದನ್ನು ಅವಳು ಹೋದ ಮೇಲೆ ಅವರಿಗಾಗಿ ಮುಚ್ಚಿಡಬೇಕಾಯಿತು.

ಕೆಲವು ದಿನಗಳಲ್ಲಿ ಸ್ಟುಡಿಯೊದಿಂದ ಕರೆ ಬಂತು. ಟೇಪು ಅವರಿಗೆ ಹಿಡಿಸಿತ್ತು. ನಾನು ಹೋಗುವುದಿಲ್ಲ ಎಂದೆ. ಅಕ್ಕನ ದನಿಯ ಮೇಲೆ ಕೂತು ಸಂಪಾದಿಸಿದ ಆ ಕೆಲಸ ನನಗೆ ಬೇಡವಾಗಿತ್ತು. ಭಾವ ನನ್ನ ಮೇಲೆ ಕೈ ಎತ್ತಿದ್ದು ಅದೊಂದೇ ಸಲ. ಎತ್ತಿದ ಕೈ ಇಳಿಸಿ, ಗೋಡೆಗೆ ಒರಗಿ ಅತ್ತರು.

"ಅವಳನ್ನ ಅಳಿಸಿ ನಿನ್ನ ತುಂಬಿದೀನಿ. ಈಗ ನೀನೂ ಹೋಗಲ್ಲ ಅಂದ್ರೆ, ನಾನು ಯಾತಕ್ಕೋ ಮಾಡಿದ್ದು ಅದನ್ನ?"

ಹೋದೆ. ಮೊದಲ ದಿನ ಅವರೇ ಗಿಟಾರಿನ ಪೆಟ್ಟಿಗೆ ಹೊತ್ತು ಸ್ಟುಡಿಯೊದ ಬಾಗಿಲ ತನಕ ಬಂದು, ಹೊರಗಿನ ಕಟ್ಟೆಯ ಮೇಲೆ ನಾನು ಬರುವವರೆಗೂ ಕೂತಿದ್ದರು. ನನಗೆ ಹೆದರಿಕೆಯೇ ಆಗಲಿಲ್ಲ. ಹೆದರುವ ಹಕ್ಕು ನನಗೆ ಉಳಿದಿರಲಿಲ್ಲ. ಅಲ್ಲಿಂದ ಮುಂದೆ ನಿವೃತ್ತಿಯವರೆಗೂ ಗಿಟಾರೇ ನನ್ನನ್ನು ಸಾಕಿತು. ಸಾಂತಾಕ್ರೂಜಿನಲ್ಲಿ ಮನೆಯಾಯಿತು, ಮದುವೆಯಾಯಿತು, ಮಕ್ಕಳಾದವು. ಭಾವ ಮತ್ತೆ ಮದುವೆಯಾಗಲಿಲ್ಲ. ನೆಂಟರು ಒತ್ತಾಯ ಮಾಡಿದಾಗ, "ನನ್ನ ಆಡಿಟ್ ಇನ್ನೂ ಮುಗಿದಿಲ್ಲ" ಎಂದು ನಗಿಸಿ ಕಳಿಸುತ್ತಿದ್ದರು.

ನಮ್ಮ ಮನೆಗೆ ಬಂದರೆ ಅವರಿಗೆ ಸಹಿಸಲಾಗದಿದ್ದದ್ದು ಒಂದೇ. ನಾನು ಅಭ್ಯಾಸಕ್ಕೆ ಕೂತಾಗ ನನ್ನ ಹೆಂಡತಿ ಮಕ್ಕಳಿಗೆ "ಶ್!" ಎಂದರೆ ಭಾವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಯಾಕಮ್ಮ ಬಾಯಿ ಮುಚ್ಚಿಸ್ತೀಯ? ಕೂಗಾಡಲಿ ಬಿಡು. ಅವನ ಗಿಟಾರೇನು ಸವೆದು ಹೋಗುತ್ಯೇ?" ಅವಳು ಕಾರಣ ತಿಳಿಯದೆ ನನ್ನ ಮುಖ ನೋಡುತ್ತಿದ್ದಳು. ಹುಟ್ಟುಹಬ್ಬ, ನಾಮಕರಣ, ಯಾವುದಕ್ಕೆ ಬಂದರೂ ಅವರ ಕೈಯಲ್ಲಿ ಉಡುಗೊರೆಯಾಗಿ ಒಂದು ಹೊಸ ಟೇಪು ಇರುತ್ತಿತ್ತು. "ಅಳಿಸಿ ತುಂಬ್ಬೇಡಿ, ಬೇಕಾದ್ರೆ ಇನ್ನೊಂದು ತರ್ತೀನಿ" ಎಂದು ಮಕ್ಕಳಿಗೆ ಎಚ್ಚರಿಕೆ ಹೇಳಿ ಕೊಡುತ್ತಿದ್ದರು. ನಮ್ಮ ಮನೆಯ ಕಪಾಟಿನಲ್ಲಿ ಮಕ್ಕಳ ತೊದಲು, ಜಗಳ, ಕುಕ್ಕರಿನ ಸೀಟಿ, ಎಲ್ಲವೂ ಇಂದಿಗೂ ಹಾಗೇ ಇವೆ.

ಮತ್ತು ಪ್ರತಿ ಸಲ, ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ, ಏನೋ ನೆನಪಾದವರ ಹಾಗೆ ಕೇಳುತ್ತಿದ್ದರು: "ಅವಳೇ ಅಲ್ವೇನೋ ಹೇಳಿದ್ದು?" ನಾನು ಎದ್ದು ಹೋಗಿ ನೀರು ತರುತ್ತಿದ್ದೆ. ಹ್ಞೂಂ ಎಂದು ಬಾಯಿಬಿಟ್ಟು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಅಕ್ಕ ಕೆಂಪಾಗಿ ಒಳಗೆ ಓಡಿದ್ದೂ ನಿಜ. ಮರುದಿನ ಬಂದು ಕೂತದ್ದೂ ನಿಜ. ಯಾವುದೋ ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ಅವಳಿಗೆ ಎರಡನೇ ಸಲ ಮೋಸಮಾಡಿದಂತೆ ಅನ್ನಿಸುತ್ತಿತ್ತು.

ಕೊನೆಗಾಲದಲ್ಲಿ ಭಾವ ಬೊರಿವಲಿಯಲ್ಲಿ ತಮ್ಮ ಅಣ್ಣನ ಮಗನ ಮನೆಯಲ್ಲಿದ್ದರು. ಕಿವಿ ಬಹುಪಾಲು ಹೋಗಿತ್ತು. ಕಿವಿಗೆ ಹಾಕುವ ಯಂತ್ರ ಕೊಡಿಸುತ್ತೇನೆಂದರೆ ಒಪ್ಪಲಿಲ್ಲ. "ಅವತ್ತು ಮೈಕು ಆರಿಸಿ ಆರಿಸಿ ತಂದದ್ದೇ ಸಾಕಪ್ಪ" ಎಂದರು. ತೀರಿಕೊಳ್ಳುವ ಮುಂಚಿನ ಭಾನುವಾರ ನಾನು ಹೋಗಿದ್ದೆ. ಗೋಡೆಯ ಕಡೆ ತಿರುಗಿ ಮಲಗಿದ್ದರು. ನನ್ನನ್ನು ಗುರುತು ಹಿಡಿದು, ಮಗ್ಗುಲು ಬದಲಿಸಿ, ಯಾವ ಪೀಠಿಕೆಯೂ ಇಲ್ಲದೆ ಕೇಳಿದರು:

"ಅವಳೇ ಹೇಳಿದ್ಲಲ್ವೇನೋ, ಅಳಿಸಿ ಅಂತ?"

ಈ ಸಲ ನೀರು ತರಲು ಏಳಲಿಲ್ಲ. "ಹೌದು ಭಾವ" ಎಂದೆ.

"ಆಂ?"

"ಹೌದು, ಅಕ್ಕಾನೇ."

"ಕೇಳ್ಸಲ್ಲ ಕಣೋ. ಜೋರಾಗಿ ಹೇಳು."

ಬಗ್ಗಿ ಕೂಗಿದೆ. "ಹೌದು ಭಾವಾ! ಅಕ್ಕಾನೇ ಹೇಳಿದ್ದು! ಅವಳಿಗೆ ಅದು ಬೇಡವೇ ಆಗಿತ್ತು!" ಅವಳಿಗೆ ಬೇಡವಾಗಿತ್ತೇ ಎಂದು ಅವರು ನನ್ನನ್ನು ಪ್ರಶ್ನಿಸಿರಲಿಲ್ಲ. ನಾನೇ ಸೇರಿಸಿದೆ. ಮೆಟ್ಟಿಲ ಮೇಲೆ ಹೋಗುತ್ತಿದ್ದವರು ಏನಾಯಿತೋ ಎಂದು ಬಾಗಿಲಲ್ಲಿ ಬಂದು ನಿಂತರು.

ಭಾವನಿಗೆ ಕೇಳಿಸಿತು. "ಸದ್ಯ" ಎಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಿಡಿದುಕೊಂಡೇ ನಿದ್ದೆ ಹೋದರು.